ಬೆರೆತದ್ದು, ಬೆರೆಯದ್ದು ಮತ್ತು ನನ್ನ ಮರ್ಯಾದೆ

ವಿಜ್ಞಾನ ಓದದವರು ಅವರ ಪಾಡಿಗೆ ಚಹಾ ಕುಡಿದು, ಮುದ್ದೆ ಉಂಡು ಆರಾಮಾಗಿದ್ದಾರೆ; ಓದಿದ ನನಗೆ ಮಾತ್ರ ಚಹಾದಿಂದ ಹಿಡಿದು ಮುದ್ದೆಯ ತನಕ ಒಂದಲ್ಲ ಒಂದು ಫಜೀತಿ ಆಗುತ್ತಲೇ ಇರುತ್ತದೆ. ಯಾಕೆ ಅಂತ ಕೇಳಬೇಡಿ. ಕೇಳಿದರೆ ನಾನು ಉತ್ತರ ಹೇಳುತ್ತೇನೆ, ಆ ಉತ್ತರವೇ ಇನ್ನೊಂದು ಪ್ರಸಂಗವಾಗುತ್ತದೆ.

ಕೂಡ್ಲಿಗಿ ತಾಲೂಕಿನ ನಮ್ಮ ಹಳ್ಳಿಯಲ್ಲಿ ಬಿ.ಎಸ್ಸಿ. ಪಾಸು ಮಾಡಿದ ಮೊದಲ ಮನುಷ್ಯ ನಾನು. ಕುಸ್ತಿಯಲ್ಲಿ, ಕಬಡ್ಡಿಯಲ್ಲಿ, ರಸಾಯನಶಾಸ್ತ್ರದಲ್ಲಿ ನನ್ನನ್ನು ಬೀಳಿಸಿದವರು ಊರಲ್ಲಿ ಇರಲಿಲ್ಲ. ರಸಾಯನಶಾಸ್ತ್ರಕ್ಕೆ ಎದುರಾಳಿಯೇ ಇರಲಿಲ್ಲ ಅನ್ನುವುದು ಬೇರೆ ಮಾತು. ತೊಂಬತ್ತರ ದಶಕದ ಕೊನೆಗೆ ಬಿ.ಇಡಿ. ಮುಗಿಸಿ, ಕೊಟ್ಟೂರಿಗೆ ಹತ್ತಿರದ ಒಂದು ಹಳ್ಳಿಯ ಖಾಸಗಿ ಹೈಸ್ಕೂಲಿಗೆ ವಿಜ್ಞಾನ ಮಾಸ್ತರನಾಗಿ ಸೇರಿದೆ. ನೌಕರಿ ತಾತ್ಕಾಲಿಕ. ಹೆಡ್‌ಮಾಸ್ಟರು ಕನ್ನಡ ಪಂಡಿತರು, ಮೊದಲ ದಿನವೇ ಕೂಡಿಸಿಕೊಂಡು ಹೇಳಿದರು:

“ನೋಡ್ರಿ ಮಾಸ್ತರ, ವರ್ಷದ ಕೊನೀಗೆ ಇನ್‌ಸ್ಪೆಕ್ಟರು ಬಂದು ನಿಮ್ಮ ಪಾಠ ನೋಡ್ತಾರ. ಅವರು ಒಪ್ಪಿದ್ರ ಖಾಯಂ. ಒಪ್ಪಲಿಲ್ಲ ಅಂದ್ರ ನಿಮ್ಮ ಹಾಸಿಗಿ ನೀವ ಸುತ್ತಿಕೋಬೇಕು.”

“ಅದೇನು ದೊಡ್ಡದಲ್ಲ ಬಿಡ್ರಿ ಸಾರ್” ಅಂದೆ. ಆ ಶನಿವಾರವೇ ಊರಿಗೆ ಹೋಗಿ ‘ಖಾಯಂ ಆಗೈತಿ’ ಅಂತ ಸಾರಿಬಿಟ್ಟೆ. ಅಪ್ಪ ಮನೆಮನೆಗೆ ಸಕ್ಕರೆ ಹಂಚಿದ. ಜನ ಬಾಯಿಗೆ ಹಾಕಿಕೊಂಡ ಸಕ್ಕರೆಯನ್ನು ವಾಪಸ್ ಕೇಳಲಿಕ್ಕೆ ಬರುತ್ತದೆಯೇ? ಹಾಗಾಗಿ ಆ ವರ್ಷ ಏನೇ ಆದರೂ ಇನ್‌ಸ್ಪೆಕ್ಟರು ಒಪ್ಪಲೇಬೇಕಿತ್ತು. ಆದದ್ದು ಮಾತ್ರ ಹೀಗೆ.

೧. ಎಮ್ಮೆ ಹಾಲು

ಎಂಟನೇ ಕ್ಲಾಸಿಗೆ ಮಿಶ್ರಣಗಳ ಪಾಠ. ಪುಸ್ತಕದ ವಿವರಣೆ ಉದ್ದವಾಯಿತು ಅನ್ನಿಸಿ ನನ್ನದೇ ಸೂತ್ರ ಮಾಡಿದೆ. “ಕಣ್ಣಿಗೆ ಎಲ್ಲಾ ಒಂದೇ ಥರ ಕಂಡ್ರೆ ಸಮರೂಪ ಮಿಶ್ರಣ. ಬೇರೆ ಬೇರೆ ಕಂಡ್ರೆ ಭಿನ್ನರೂಪ ಮಿಶ್ರಣ. ಉಪ್ಪುನೀರು ಸಮರೂಪ, ಮರಳುನೀರು ಭಿನ್ನರೂಪ, ಹಾಲು ಸಮರೂಪ. ಮುಗೀತು.”

ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದಳು. ಎರಡು ಜಡೆ, ಅಂಜಿಕೆ ಅನ್ನುವುದು ಗೊತ್ತಿಲ್ಲದ ಮುಖ.

“ಸಾರ್, ಹಾಲೆಲ್ಲಾ ಒಂದ ಥರ ಇದ್ರ ಕೆನಿ ಎಲ್ಲಿಂದ ಬರ್ತೈತ್ರಿ?”

“ಅದು ಕಾಸಿದ ಮೇಲೆ ಆಗೋ ಬದಲಾವಣೆ. ಕೂತ್ಕೊ.”

ಮರುದಿನ ಆಕೆ ಒಂದು ಬಾಟಲಿ ತಂದು ನನ್ನ ಮೇಜಿನ ಮೇಲಿಟ್ಟಳು. “ಕಾಸಿಲ್ರಿ ಸಾರ್. ಸಂಜಿಮುಂದ ಹಿಂಡಿದ್ದು, ಹಂಗ ಇಟ್ಟಿದ್ವಿ.” ಮೇಲೆ ಬೆರಳು ದಪ್ಪ ಕೆನೆ, ಕೆಳಗೆ ಹಾಲು. ಹಿಂದಿನ ಬೆಂಚಿನವರಿಗೂ ಕಾಣುವಷ್ಟು ಭಿನ್ನರೂಪ.

‘ಹೌದು, ಹಾಲು ಭಿನ್ನರೂಪ’ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನಾನು ಕಬಡ್ಡಿ ಆಡಿದವನು, ಎದುರಾಳಿಯ ಅಂಗಳದಿಂದ ಬರಿಗೈಲಿ ಬರುವ ರೂಢಿ ಇಲ್ಲ. “ಶುದ್ಧ ಹಾಲು ಹೀಗಾಗೋದಿಲ್ಲ. ಇದರಲ್ಲಿ ಏನೋ ಬೆರೆಸಿದ್ದಾರೆ” ಅಂದೆ.

ಮಾರನೇ ದಿನ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಆಕೆಯ ಅವ್ವ ಗೇಟಿನಲ್ಲಿ ನಿಂತಿದ್ದಳು. ನೋಡಿದ ಕೂಡಲೇ ಗುರುತು ಹತ್ತಿತು. ನನ್ನ ಬಾಡಿಗೆ ಕೋಣೆಗೆ ದಿನಾ ಹಾಲು ಹಾಕುವವಳೂ ಅವಳೇ.

“ನಮ್ಮ ಎಮ್ಮಿ ಹಾಲಿನ್ಯಾಗ ಕಲಬೆರಕಿ ಐತಿ ಅಂದ ಮಾಸ್ತರು ಯಾರ್ರಿ?”

ಪ್ರಾರ್ಥನೆ ಅರ್ಧಕ್ಕೆ ನಿಂತಿತು. ಇಡೀ ಶಾಲೆ ನನ್ನ ಕಡೆ ತಿರುಗಿತು. ನಾನು “ಹಂಗಲ್ಲವ್ವಾ, ಕೆನಿ ಬರದೇ ಇದ್ರ ಅದು ಸಮರೂಪ ಅಂತ...” ಅಂದೆ.

“ನಿಮಗ ಕೆನಿ ಬರಬಾರದು, ಅಷ್ಟ ಹೌದಿಲ್ಲೋ? ಆತು ಬಿಡ್ರಿ.”

ಮಾತಿಗೆ ತಪ್ಪದ ಹೆಂಗಸು. ಆ ವರ್ಷವಿಡೀ ನನ್ನ ಕೋಣೆಗೆ ಕೆನೆ ತೆಗೆದ ಹಾಲೇ ಬಂತು, ಮೇಲಿನಿಂದ ತಳದವರೆಗೆ ಒಂದೇ ಥರ.

೨. ಮಂಡಕ್ಕಿ

ಕೊಟ್ಟೂರಿನ ಒಂದು ಹೋಟೆಲಿನಲ್ಲಿ ನಾವು ಮಾಸ್ತರರೆಲ್ಲ ಕೂತು ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನುತ್ತಿದ್ದೆವು. ಮಾತು ಬಂತು ಅಂತ ನಾನು ದೊಡ್ಡ ದನಿಯಲ್ಲೇ ಹೇಳಿದೆ: “ಮಂಡಕ್ಕಿ ಒಗ್ಗರಣಿ ಭಿನ್ನರೂಪ ಮಿಶ್ರಣ ಆಗಬೇಕು. ಆದ್ರ ಈ ಹೋಟೆಲಿಂದು ಸಮರೂಪ. ಎಷ್ಟು ಹುಡುಕಿದ್ರೂ ಒಂದು ಶೇಂಗಾ ಸಿಗಂಗಿಲ್ಲ.” ಎಲ್ಲರೂ ನಕ್ಕರು. ನಾನು ಎರಡನೇ ಸಲವೂ ಹೇಳಿದೆ.

ಮುಂದಿನ ವಾರ ಹೋದಾಗ ಮಾಲೀಕ ತಾನೇ ಬಂದು ನನ್ನ ಮುಂದೆ ಸಾಲಾಗಿ ಪ್ಲೇಟು ಇಟ್ಟ. ಒಂದರಲ್ಲಿ ಬರೀ ಒಣ ಮಂಡಕ್ಕಿ, ಒಂದರಲ್ಲಿ ಶೇಂಗಾ, ಒಂದರಲ್ಲಿ ಹೆಚ್ಚಿದ ಉಳ್ಳಾಗಡ್ಡಿ, ಒಂದರಲ್ಲಿ ಹಸಿಮೆಣಸಿನಕಾಯಿ, ಒಂದು ಬಟ್ಟಲಲ್ಲಿ ಎಣ್ಣೆ. ಹೋಟೆಲ್ ತುಂಬಾ ಜನ.

“ಏನಪ್ಪಾ ಇದು?”

“ನಮಗ ಬೆರಸಾಕ ಬರಂಗಿಲ್ಲ ಅಂದ್ರಲ್ರಿ ಸಾರ್. ನೀವ ಬೆರಸಿಕೊಂಡು ತಿನ್ರಿ. ನಾವು ನಿಂತು ಕಲಿತೀವಿ.”

೩. ಉಳ್ಳಾಗಡ್ಡಿ ಹೊಲ

ಇದು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ. ನಮ್ಮ ಉಳ್ಳಾಗಡ್ಡಿ ಹೊಲ ಇರುವುದು ಬಸ್ಸು ಓಡಾಡುವ ರಸ್ತೆಗೆ ಅಂಟಿಕೊಂಡು. ಬೆಳೆಗೆ ನುಸಿ ಬಿದ್ದಿತ್ತು. ಅಪ್ಪ ಅಂಗಡಿಯಿಂದ ಪುಡಿ ಔಷಧಿ ತಂದು ಬ್ಯಾರಲ್ ನೀರಿಗೆ ಹಾಕಿ ಕಲಸಿದ. ರಜೆಗೆ ಬಂದಿದ್ದ ನಾನು, ಈ ತೋಳಿನ ಬಲ ಇರುವುದು ಯಾವುದಕ್ಕೆ ಅಂತ, ಪಂಪು ಬೆನ್ನಿಗೇರಿಸಿದೆ.

“ಲೇ ತಮ್ಮಾ, ಪ್ರತಿ ಸಲ ಪಂಪ್ ತುಂಬೋ ಮುಂಚೆ ಕೋಲು ತಗೊಂಡು ಕಲಸು” ಅಂದ ಅಪ್ಪ.

“ಯಾಕಪ್ಪಾ? ನೋಡು, ಬ್ಯಾರಲ್ ತುಂಬಾ ಒಂದ ಥರ ಬೆಳ್ಳಗೈತಿ. ಒಮ್ಮೆ ಕರಗಿತು ಅಂದ್ರ ಕರಗಿತು. ವಿಜ್ಞಾನ ಇದು.”

ಅಪ್ಪ ಕೋಲನ್ನು ಅಲ್ಲೇ ಇಟ್ಟು ಬೇವಿನ ಗಿಡದ ನೆರಳಿಗೆ ಹೋದ. ಮಗನ ಓದಿಗೆ ಅವನು ಕೊಟ್ಟ ದೊಡ್ಡ ಗೌರವ ಅದು.

ಪುಡಿ ಕರಗಿರಲಿಲ್ಲ. ನಿಂತ ನೀರಿನಲ್ಲಿ ಮೆಲ್ಲಗೆ ತಳಕ್ಕೆ ಇಳಿಯುತ್ತಾ ಇತ್ತು. ಮೇಲಿನಿಂದ ತುಂಬಿಸಿಕೊಂಡು ಹೊಡೆದ ಮೊದಲಿನ ಸಾಲುಗಳಿಗೆ ಸಿಕ್ಕಿದ್ದು ಹೆಚ್ಚುಕಡಿಮೆ ನೀರು. ತಳದ ರಾಡಿ ಹೊಡೆದ ಕೊನೆಯ ಸಾಲುಗಳಿಗೆ ಸಿಕ್ಕಿದ್ದು ಗಾರೆ. ಒಂದು ವಾರ ಕಳೆಯುವುದರೊಳಗೆ ಹೊಲ ತಾನೇ ಮಾತಾಡತೊಡಗಿತು. ಈ ಕಡೆ ನುಸಿ ಸಂಸಾರ ಹೂಡಿ ಬೆಳೆ ಬೆಳ್ಳಗೆ, ನಡುವೆ ಒಂದು ಪಟ್ಟಿ ಹಸಿರು, ಆ ಕಡೆ ಸುಟ್ಟು ಕಂದು. ಬಸ್ಸು ಆ ಜಾಗಕ್ಕೆ ಬಂದರೆ ಜನ ಕಿಟಕಿಗೆ ಮುಖ ಹಚ್ಚುತ್ತಿದ್ದರು. ಕಂಡಕ್ಟರ್ “ಮಾಸ್ತರ, ಹೊಲಕ್ಕ ಬಣ್ಣ ಹೊಡಿಸೀರೇನ್ರಿ?” ಅಂತ ಕೇಳುತ್ತಿದ್ದ. ನಾನು ಟಿಕೆಟ್ ತಗೊಂಡು ಇನ್ನೊಂದು ಕಡೆಯ ಸೀಟಿಗೆ ಹೋಗಿ ಕೂರುತ್ತಿದ್ದೆ.

ಹೆಡ್‌ಮಾಸ್ಟರೂ ಕೂಡ್ಲಿಗಿಗೆ ಹೋಗಿ ಬರುವಾಗ ನೋಡಿದ್ದರು. “ಅದು ನಿಮ್ಮ ಹೊಲ ಅಂತ ಇನ್‌ಸ್ಪೆಕ್ಟರಿಗೆ ಯಾರೂ ಹೇಳದಂಗ ನೋಡಿಕೋರಿ. ಅವರು ಬರೋದೂ ಅದ ಬಸ್ಸಿಗೆ” ಅಂದರು.

ಅಪ್ಪ ಮಾತ್ರ ಒಂದು ದಿನವೂ ಬೈಯಲಿಲ್ಲ. ದಾರಿಹೋಕರು ಯಾರಾದರೂ ನಿಂತು ‘ಇದೇನಾತು’ ಅಂತ ಕೇಳಿದರೆ ನೆಟ್ಟಗೆ ನಿಂತು ಹೇಳುತ್ತಿದ್ದ: “ನನ್ನ ಮಗ ಬಿ.ಎಸ್ಸಿ. ಓದ್ಯಾನ್ರಿ. ಅಗೋ, ಅಲ್ಲಿಂದ ಇಲ್ಲೀತನಕ.”

೪. ರಾಗಿ, ಸಾಸಿವೆ

ಇಷ್ಟಾದ ಮೇಲೆ ಹೆಡ್‌ಮಾಸ್ಟರ ಮುಂದೆ ಸ್ವಲ್ಪ ತಲೆ ಎತ್ತಿ ನಿಲ್ಲಬೇಕಿತ್ತು. ಭಿನ್ನರೂಪ ಮಿಶ್ರಣವನ್ನು ಬೇರ್ಪಡಿಸುವ ಪಾಠಕ್ಕೆ ಅವರ ಮನೆಯಿಂದಲೇ ಕಾಳು ಕೇಳಿದೆ. “ಪಾಠ ಮುಗಿದ ಕೂಡ್ಲೇ ಇದ್ದದ್ದು ಇದ್ದಂಗ ವಾಪಸ್ ಕೊಡ್ತೀನಿ ಸಾರ್.” ಅವರ ಮನೆಯವರು ಒಂದು ಡಬ್ಬಿ ತುಂಬಾ ರಾಗಿ, ಒಂದು ಡಬ್ಬಿ ಸಾಸಿವೆ ಕಳಿಸಿದರು. ಮಕ್ಕಳ ಮುಂದೆ ಎರಡನ್ನೂ ಒಂದೇ ಬೋಗುಣಿಗೆ ಸುರಿದು ಎರಡೂ ಕೈ ಹಾಕಿ ಚೆನ್ನಾಗಿ ಕಲಸಿದೆ. ಕಲಸುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ.

“ಈಗ ಬೇರ್ಪಡಿಸೋಣ. ಸುಲಭ.”

ಜರಡಿ ಹಿಡಿದೆ, ಎರಡೂ ಇಳಿದವು. ಸಣ್ಣ ಜರಡಿ ತರಿಸಿದೆ. ಎರಡೂ ಮೇಲೆ ನಿಂತವು. ಮೊರದಲ್ಲಿ ಹಾಕಿ ತೂರಿದೆ. ಎರಡೂ ಒಟ್ಟಿಗೇ ಹಾರಿ ಮುಂದಿನ ಸಾಲಿನವರ ತಲೆ ಮೇಲೆ ಬಿದ್ದವು. ನೀರಿಗೆ ಹಾಕಿದೆ, ಅಣ್ಣ ತಮ್ಮಂದಿರ ಹಾಗೆ ಎರಡೂ ಕೂಡಿಯೇ ಮುಳುಗಿದವು. ಶಾಲೆ ಬಿಟ್ಟಿತು. ಮಕ್ಕಳು ಮನೆಗೆ ಹೋದರು. ಹೊತ್ತು ಮುಳುಗುವವರೆಗೂ ನಾನು ಸ್ಟಾಫ್ ರೂಮಿನಲ್ಲಿ ಒಂದೊಂದೇ ಕಾಳು ಆರಿಸಿ, ಕಣ್ಣು ಕತ್ತಲೆ ಬಂದ ಮೇಲೆ ಬೋಗುಣಿಯನ್ನು ಹಾಗೇ ಒಯ್ದು ಹೆಡ್‌ಮಾಸ್ಟರ ಮನೆ ಕಟ್ಟೆಯ ಮೇಲಿಟ್ಟು, ಕೂಗದೇ ಬಂದುಬಿಟ್ಟೆ.

ನಾಲ್ಕನೇ ದಿನ ಮಧ್ಯಾಹ್ನ ಹೆಡ್‌ಮಾಸ್ಟರು ಊಟದ ಡಬ್ಬಿ ಬಿಚ್ಚಿ, ಎಲ್ಲ ಮಾಸ್ತರರ ಎದುರು ನನ್ನ ಮುಂದೆ ಒಂದು ಮುದ್ದೆ ಇಟ್ಟರು. ಬಣ್ಣ ರಾಗಿಯದ್ದು, ವಾಸನೆ ಉಪ್ಪಿನಕಾಯಿ ಜಾಡಿಯದ್ದು.

“ನಮ್ಮಾಕಿ ಒಣಗಿಸಿ ಎರಡನ್ನೂ ಕೂಡಿಸಿ ಬೀಸ್ಯಾಳ್ರಿ ಮಾಸ್ತರ. ಈಗ ಸಮರೂಪ ಆಗೈತಿ. ಬಾಯಿ ತೆಗೀರಿ.”

೫. ಒಂದು ಗ್ಲಾಸು ನೀರು

ಕೊನೆಗೆ ಇನ್‌ಸ್ಪೆಕ್ಟರು ಬರುವ ದಿನ ಬಂತು. ಅಪ್ಪ ಹಂಚಿದ ಸಕ್ಕರೆಯ ರುಚಿ ಊರಿನವರ ನಾಲಿಗೆಯಿಂದ ಇನ್ನೂ ಹೋಗಿರಲಿಲ್ಲ. ಹಾಸಿಗೆ ಸುತ್ತಿಕೊಂಡು ಆ ಊರಿಗೆ ಯಾವ ಮುಖ ಹೊತ್ತು ಹೋಗಲಿ?

ಅಷ್ಟರಲ್ಲಿ ನನ್ನ ಸೂತ್ರ ಬಿಟ್ಟು ಪುಸ್ತಕಕ್ಕೆ ಶರಣಾಗಿದ್ದೆ. ಆ ವಾರವೆಲ್ಲ ಮಕ್ಕಳಿಗೆ ಒಂದೇ ಮಾತು ತಿಕ್ಕಿದ್ದೆ: “ಬರೀ ಕಣ್ಣು ನಂಬಬೇಡ್ರಿ. ಮೇಲಿಂದ, ನಡುವಿಂದ, ತಳದಿಂದ ತಗೊಂಡು ಪರೀಕ್ಷೆ ಮಾಡ್ರಿ. ಎಲ್ಲಾ ಕಡೆ ಒಂದೇ ಇದ್ರೆ ಸಮರೂಪ. ಪರೀಕ್ಷೆ ಮಾಡದೇ ಹೇಳಿದವನ ಮಾತು, ಅವನು ಯಾರೇ ಇರಲಿ, ಒಪ್ಪಬೇಡ್ರಿ.”

ಶಾಲೆಯಲ್ಲಿ ಗಾಜಿನ ಗ್ಲಾಸುಗಳಿದ್ದದ್ದು ಆಫೀಸಿನಲ್ಲಿ ಮಾತ್ರ, ಬಂದವರಿಗೆ ನೀರು ಕೊಡಲು. ಅವನ್ನೇ ತಂದು ಮೇಜಿನ ಮೇಲೆ ಜೋಡಿಸಿದೆ. ಒಂದರಲ್ಲಿ ಮಣ್ಣುನೀರು, ಒಂದರಲ್ಲಿ ಹಾಲು, ಒಂದರಲ್ಲಿ ಉಪ್ಪುನೀರು. ಉಪ್ಪುನೀರು ಅಂದರೆ ಅಂತಿಂಥದ್ದಲ್ಲ. ಇನ್ನು ಒಂದು ಹರಳೂ ಕರಗುವುದಿಲ್ಲ ಅನ್ನುವವರೆಗೆ ಉಪ್ಪು ಹಾಕಿ, ಪಂಚೆಯ ಬಟ್ಟೆಯಲ್ಲಿ ಸೋಸಿ, ಫಳಫಳ ಹೊಳೆಯುವ ಹಾಗೆ ಮಾಡಿದ್ದೆ. ನಾನು ಮಾಡಿದರೆ ಹಾಗೇ.

ಇನ್‌ಸ್ಪೆಕ್ಟರು ಬಂದು ಮೇಜಿನ ಪಕ್ಕದ ಕುರ್ಚಿಯಲ್ಲಿ ಕೂತರು. ಬಿಳಿ ಶರ್ಟು, ದಪ್ಪ ಕನ್ನಡಕ. ಹಿಂದೆ ಹೆಡ್‌ಮಾಸ್ಟರು ಕೈಕಟ್ಟಿ ನಿಂತರು. ನಾನು ಬೋರ್ಡಿಗೆ ಮುಖ ಮಾಡಿ ನನ್ನ ಮುತ್ತಿನಂಥ ಅಕ್ಷರದಲ್ಲಿ ವ್ಯಾಖ್ಯೆ ಬರೆಯತೊಡಗಿದೆ. ಚಾಕ್‌ಪೀಸಿನ ಧೂಳಿಗೆ ಇನ್‌ಸ್ಪೆಕ್ಟರು ಕೆಮ್ಮಿದರು. ಇನ್ನೊಮ್ಮೆ ಕೆಮ್ಮಿದರು. ಆಮೇಲೆ ಹೆಡ್‌ಮಾಸ್ಟರ ದನಿ: “ತಗೋರಿ ಸಾಹೇಬ್ರ, ನೀರು ಕುಡೀರಿ.”

ತಿರುಗಿ ನೋಡಿದೆ. ಹೊಳೆಯುವ ಗ್ಲಾಸು ಆಗಲೇ ತುಟಿಗೆ ಹತ್ತಿತ್ತು. ‘ಸಾರ್’ ಅಂತ ಕೈ ಚಾಚಿದೆ, ತಡವಾಗಿತ್ತು.

ಅವರು ಒಂದು ದೊಡ್ಡ ಗುಟುಕು ನುಂಗಿದರು. ಕನ್ನಡಕದ ಹಿಂದೆ ಕಣ್ಣು ಮುಚ್ಚಿದವು. ಬಹಳ ಹೊತ್ತಾದ ಮೇಲೆ ತೆರೆದವು.

“ಏನಿದು?” ಅಂದರು ಮೆಲ್ಲಗೆ.

ಕೇಳಿದ್ದು ನನ್ನನ್ನು. ಆದರೆ ಪಾಠದ ಪ್ರಶ್ನೆ ಅಂದುಕೊಂಡು ಇಡೀ ಕ್ಲಾಸು ಒಂದೇ ದನಿಯಲ್ಲಿ ಹೇಳಿತು: “ಸಮರೂಪ ಮಿಶ್ರಣ ಸಾರ್.”

“ಹೌದೇನು?” ಅಂದರು ಅವರು.

ಎರಡು ಜಡೆಯ ಹುಡುಗಿ ಎದ್ದು ನಿಂತಳು. ನಾನು ಬೇಡ ಬೇಡ ಅಂತ ಕೈಸನ್ನೆ ಮಾಡಿದೆ. ಉತ್ತೇಜನ ಅಂತ ತಿಳಿದಳು.

“ಈಗ ಹೇಳಾಕ ಬರಂಗಿಲ್ರಿ ಸಾರ್. ನೀವು ಮ್ಯಾಲಿಂದಷ್ಟ ಕುಡದೀರಿ. ನಡುವಿಂದು, ತಳದ್ದು ಕುಡದ ಮ್ಯಾಲೆ ನೀವ ಹೇಳಬೇಕು.”

ಹೆಡ್‌ಮಾಸ್ಟರು ಗೋಡೆ ಹಿಡಿದುಕೊಂಡರು. ಇನ್‌ಸ್ಪೆಕ್ಟರು ಗ್ಲಾಸು ನೋಡಿದರು, ಹುಡುಗಿಯನ್ನು ನೋಡಿದರು, ಕಡೆಗೆ ನನ್ನನ್ನು ನೋಡಿದರು. ನಾನು ನೆಲ ನೋಡುತ್ತಿದ್ದೆ. ಆಮೇಲೆ ಆ ಪುಣ್ಯಾತ್ಮ ನಡುಮಟ್ಟದವರೆಗೆ ಒಂದು ಗುಟುಕು, ಗ್ಲಾಸು ಪೂರ್ತಿ ಎತ್ತಿ ತಳದಿಂದ ಇನ್ನೊಂದು ಗುಟುಕು ಕುಡಿದು, ಕರವಸ್ತ್ರದಿಂದ ಬಾಯಿ ಒರೆಸಿಕೊಂಡು ಹೇಳಿದರು: “ಎಲ್ಲಾ ಕಡೆ ಒಂದೇ ಉಪ್ಪು. ಸಮರೂಪ.”

“ಈಗ ಬರಕೊಳ್ರಿ” ಅಂತ ಹುಡುಗಿ ಪಕ್ಕದವರಿಗೆ ಹೇಳಿ ಕೂತಳು.

ಆಫೀಸಿನಲ್ಲಿ ನಾನು ತಲೆ ಬಗ್ಗಿಸಿ ನಿಂತೆ. ಹಾಸಿಗೆಯನ್ನು ಮನಸ್ಸಿನಲ್ಲೇ ಸುತ್ತಿ ಹಗ್ಗವನ್ನೂ ಕಟ್ಟಿಯಾಗಿತ್ತು. ಇನ್‌ಸ್ಪೆಕ್ಟರು ಹೆಡ್‌ಮಾಸ್ಟರಿಗೆ ಹೇಳಿದರು: “ಇಷ್ಟು ವರ್ಷ ಶಾಲೆ ನೋಡೀನಿ, ಯಾರ ಮಾತನ್ನೂ ಪರೀಕ್ಷೆ ಇಲ್ಲದ ಒಪ್ಪಂಗಿಲ್ಲ ಅಂದ ಮಕ್ಕಳನ್ನ ನೋಡಿದ್ದಿಲ್ಲ. ಹಿಂಗ ಕಲಿಸೋ ಮಾಸ್ತರು ಇರಲಿ. ಖಾಯಂ ಮಾಡ್ರಿ.” ಅಷ್ಟರಲ್ಲಿ ಜವಾನ ನೀರು ತಂದ. ಅವರು ಆ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿ, ನನ್ನ ಕೈಗೆ ಕೊಟ್ಟರು. “ಮೊದಲು ನೀವು.”

ಮೇಲಿಂದ ಕುಡಿದೆ. “ನಡುವಿಂದು” ಅಂದರು. ಕುಡಿದೆ. “ತಳದ್ದು.” ಅದನ್ನೂ ಕುಡಿದೆ.

“ಈಗ ನಂಬಿಕಿ ಬಂತು. ನನಗೊಂದು ಗ್ಲಾಸು ತರಸ್ರಿ.”

ನೌಕರಿ ಖಾಯಂ ಆಯಿತು, ಊರಲ್ಲಿ ನನ್ನ ಮಾತೂ ನಿಜವಾಯಿತು. ಆದರೆ ಇವತ್ತಿಗೂ ಶಾಲೆಗೆ ಮೇಲಿನವರು ಯಾರೇ ಬರಲಿ, ನಾನು ಯಾವ ಕ್ಲಾಸಿನಲ್ಲಿ ಎಷ್ಟು ಗತ್ತಿನಿಂದ ಪಾಠ ಮಾಡುತ್ತಿರಲಿ, ಆಫೀಸಿನ ಕಿಟಕಿಯಿಂದ ಹೆಡ್‌ಮಾಸ್ಟರ ದನಿ ಅಂಗಳ ದಾಟಿ ಬರುತ್ತದೆ:

“ವಿಜ್ಞಾನ ಮಾಸ್ತರನ್ನ ಕರೀರಿ. ಸಾಹೇಬ್ರು ನೀರಡಿಸ್ಯಾರ.”