ಮಗ್ಗ ನಿಂತ ಅರ್ಧ ತಾಸು

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ಒಂಬತ್ತನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ವೃಷಾಲಿ. ನನ್ನ ಅಕ್ಷರ ಹರಿದ ನೂಲಿನ ಹಾಗೆ ಅಲ್ಲಲ್ಲಿ ಗಂಟುಬಿದ್ದಿದೆ, ಮಾತೂ ಅಷ್ಟೇ. ಆದರೆ ಇದು ನನ್ನ ಕಥೆಯಲ್ಲ. ನಮ್ಮ ಯುವರಾಜಣ್ಣನ ಹೆಂಡತಿ, ಗಡಹಿಂಗ್ಲಜದ ಮಗಳು ಶೀತಲ ವೈನಿಯದು.

ವೈನಿ ನಮ್ಮೂರು ಇಚಲಕರಂಜಿಯಲ್ಲಿ ನೂಲಿಗೆ ಗಂಜಿ ಹಾಕುವ ಒಂದು ಸಾಯ್ಜಿಂಗ್ ಕಾರ್ಖಾನೆಯ ಆಫೀಸಿನಲ್ಲಿ ದುಡಿಯುತ್ತ, ಶನಿವಾರ ರವಿವಾರ ಕೊಲ್ಹಾಪುರದ ಬಸ್ಸು ಹತ್ತಿ ಎಂ.ಕಾಂ. ಓದುತ್ತಾಳೆ. ಉಳಿದದ್ದೆಲ್ಲ ಪಾಸು, ವ್ಯಾಪಾರ ಕಾಯ್ದೆಯ ಮೌಖಿಕ ಪರೀಕ್ಷೆಯೊಂದೇ ಬಾಕಿ. ಹೋದ ಸಲ ಫೋನಿನಲ್ಲಿ ಪರೀಕ್ಷೆ ನಡೆದಾಗ ಸರ್ ಅವರಿಗೆ ನಮ್ಮ ಮನೆಯ ನಾಲ್ಕು ಕರೆಂಟ್ ಮಗ್ಗಗಳ ಖಟಕ್-ಖಟಕ್ ಬಿಟ್ಟು ಬೇರೇನೂ ಕೇಳಿಸಲಿಲ್ಲ. ಮಗ್ಗಕ್ಕೆ ಅಂಕ ಕೊಡಲು ಬರುವುದಿಲ್ಲವೆಂದು ವೈನಿಯನ್ನು ನಪಾಸು ಮಾಡಿದರು. ಇದು ಕೊನೆಯ ಅವಕಾಶ. ಇದೂ ತಪ್ಪಿದರೆ ಇಷ್ಟು ವರ್ಷದ ಓದು ನೀರುಪಾಲು.

"ಈ ಸಲ ನೋಡ್ರಿ," ಎಂದು ವೈನಿ ಸೆರಗು ಸಿಕ್ಕಿಸಿದಳು. "ಸರ್ ಮುಂದಿನ ಪ್ರಶ್ನೆ ಹುಡುಕಾಕ ಪುಸ್ತಕಾ ತಗೀಬೇಕು, ಹಂಗ ಉತ್ತರಾ ಕೊಡ್ತೇನಿ."

ಅಡುಗೆಮನೆಯೇ ನ್ಯಾಯಾಲಯವಾಯಿತು. ಎದುರಿನವರು ಸುಮ್ಮನಿದ್ದರೆ ಒಪ್ಪಿದರೆಂದು ತಿಳಿಯಬಾರದು ಎಂಬ ನಿಯಮವಂತೂ ಅವಳಿಗೆ ಬಹಳ ಹಿಡಿಸಿತ್ತು. ಅವ್ವ ಮೂರನೆಯ ರೊಟ್ಟಿ ಹಾಕಿದಳೋ ಇಲ್ಲವೋ, ಕಲಾಪ ಶುರು.

"ಅತ್ತಿ, ನಾ ಬೇಕಂದ್ನೇನ್ರಿ? ಸುಮ್ಮ ಕುಂತ್ರ ಒಪ್ಪಿಗಿ ಅಲ್ರಿ. ಕಾಯ್ದೆ ಐತಿ."

"ನಿನ್ನ ಕಾಯ್ದೆ ಕೊಲ್ಲಾಪುರದಾಗ ಇರಲಿ. ಇಲ್ಲಿ ತಾಟಿಗಿ ಕೈ ಅಡ್ಡ ಹಿಡೀಲಿಲ್ಲಂದ್ರ ರೊಟ್ಟಿ ಬೀಳತೈತಿ."

ಪರೀಕ್ಷೆಯ ದಿನ ವೈನಿ ನಮ್ಮ ಅಪ್ಪ ಯಮನಪ್ಪನ ಮುಂದೆ ನಿಂತಳು. "ಮಾವಾರ, ಅರ್ಧಾ ತಾಸು ಮಗ್ಗ ಬಂದ್ ಮಾಡೂಣ್ರಿ."

"ಕರೆಂಟ್ ಇದ್ದಾಗ ಮಗ್ಗ ನಿಂದ್ರಸೂದು ಚಲೋ ಅಲ್ಲವಾ ಶೀತಲಾ. ನಮ್ಮವ್ವ ತೀರಿದಾಗ ನಿಂದ್ರಸಿದ್ವಿ, ಅಷ್ಟ."

"ಬರೇ ಅರ್ಧಾ ತಾಸ್ರಿ."

ಅಪ್ಪ ಸುಮ್ಮನಾದ. ವೈನಿ ಅದನ್ನೇ ಒಪ್ಪಿಗೆಯೆಂದು ಹಿಡಿದು ಬಟನ್ ಒತ್ತಿದಳು.

ಅದೆಂಥ ನಿಶ್ಶಬ್ದ! ನಮ್ಮ ಗೋಡೆಯ ಗಡಿಯಾರಕ್ಕೂ ಸದ್ದಿದೆಯೆಂದು ನನಗೆ ಅಂದೇ ಗೊತ್ತಾಯಿತು. ಮಗ್ಗದ ಸದ್ದಿನ ಮೇಲೆ ಕೂಗಿ ಕೂಗಿ ರೂಢಿಯಾದ ಅವ್ವ "ಚಹಾ ಇಡ್ಲೇನು?" ಎಂದು ಪಿಸುಗುಟ್ಟಿದ್ದು ಆಚೆ ಮನೆಗೂ ಕೇಳಿಸಿತು. ಪರೀಕ್ಷೆ ಮುಗಿಯುವ ತನಕ ಯಾರೂ ತುಟಿ ಬಿಚ್ಚಕೂಡದೆಂದು ವೈನಿ ಆಜ್ಞೆ ಮಾಡಿದಳು. ಕೈಗೆ ಕೆಲಸವಿಲ್ಲದ ಅಪ್ಪ ಎಣ್ಣೆಡಬ್ಬಿ ತೊಳೆಯಲು ಹಿತ್ತಲಿಗೆ ಹೋದ.

ವೈನಿ ಬಾಗಿಲಿಗೆ ಬೆನ್ನುಮಾಡಿ, ವಿಡಿಯೋ ಕಾಲ್ ಹಚ್ಚಿದ ಫೋನನ್ನು ನೂಲಿನ ಡಬ್ಬಕ್ಕೆ ಆನಿಸಿ ಕುಳಿತಳು. ಮೊದಲ ಉತ್ತರಗಳು ನೀರು ಕುಡಿದಷ್ಟು ಸಲೀಸಾಗಿ ಬಂದವು. ಅಷ್ಟರಲ್ಲಿ ಪಕ್ಕದ ಮನೆಯ ಸುಶೀಲಾಬಾಯಿ ತಲೆಯ ಮೇಲೆ ಸೆರಗು ಹೊದ್ದು ಬಾಗಿಲಿಗೆ ಬಂದಳು.

"ಚೆನ್ನವ್ವಾ, ಯಾರ ಹ್ವಾದ್ರ ಅವ್ವಾ?"

ಅವ್ವ ಆಜ್ಞೆ ಮೀರುವವಳಲ್ಲ. ತುಟಿಯ ಮೇಲೆ ಬೆರಳಿಟ್ಟು ಕೈಯಾಡಿಸಿದಳು. ದುಃಖಕ್ಕೆ ಮಾತೇ ಹೊರಡುತ್ತಿಲ್ಲ ಪಾಪ ಎಂದುಕೊಂಡ ಸುಶೀಲಾಬಾಯಿ ಸುತ್ತ ನೋಡಿದಳು. ಚೆನ್ನವ್ವ ಇದ್ದಾಳೆ, ಸೊಸೆ ಇದ್ದಾಳೆ, ಹುಡುಗಿ ಇದ್ದಾಳೆ, ಯುವರಾಜ ಕಾರ್ಖಾನೆಗೆ ಹೋಗಿದ್ದಾನೆ. ಯಮನಪ್ಪ ಇಲ್ಲ! ಅಲ್ಲೇ ಕುಸಿದು ಅಳತೊಡಗಿದಳು.

ನಮ್ಮ ಗಲ್ಲಿಯಲ್ಲಿ ಒಂದು ಮನೆಯಲ್ಲಿ ಸಾವಾದರೆ ಎಲ್ಲರೂ ಮಗ್ಗ ನಿಲ್ಲಿಸುವುದು ಪದ್ಧತಿ. ಅಳು ಕಂಡು ಎದುರುಮನೆಯ ಜಿನಪಾಲ ನಿಲ್ಲಿಸಿದ. ಅವನದು ನಿಂತದ್ದಕ್ಕೆ ಅವನ ಪಕ್ಕದ ಮನೆಯ ಅಪ್ಪಣ್ಣ ನಿಲ್ಲಿಸಿದ. ಹೀಗೆ ಮನೆಯಿಂದ ಮನೆಗೆ ಹಬ್ಬಿ ಗಲ್ಲಿಗೆ ಗಲ್ಲಿಯೇ ಮೂಕವಾಗಿ ನಮ್ಮ ಬಾಗಿಲಿಗೆ ಬಂತು. ಯಾರೋ ಯುವರಾಜಣ್ಣನ ಕಾರ್ಖಾನೆಗೆ ಫೋನು ಮಾಡಿದ್ದರು. ಅವನು "ಅಪ್ಪಾ" ಎಂದು ಅಳುತ್ತಲೇ ಗಾಡಿಯಿಂದ ಇಳಿದ.

ಗದ್ದಲ ಕೇಳಿ ಅಪ್ಪ ಹಿತ್ತಲಿನಿಂದ ಮನೆ ಸುತ್ತಿಕೊಂಡು ಬಂದು, ಗುಂಪಿನ ಹಿಂದೆ ಹಿಮ್ಮಡಿ ಎತ್ತಿ ಇಣುಕಿದ.

"ಯಾರ ಹ್ವಾದ್ರೋ ಜಿನಪಾಲಾ?"

ಜಿನಪಾಲ ತಿರುಗದೆಯೇ ಕಣ್ಣೊರಸಿಕೊಂಡ. "ನಮ್ಮ ಯಮನಪ್ಪಣ್ಣ."

"ಅಯ್ಯೋ ಶಿವನ, ಚಲೋ ಮನಶ್ಯಾ ಇದ್ದ," ಎಂದ ಅಪ್ಪ. ಆಮೇಲೆ ಯೋಚಿಸಿದ.

ಇತ್ತ ಫೋನಿನೊಳಗಿನ ಸರ್ ಅವರಿಗೆ ವೈನಿಯ ತಲೆಯ ಹಿಂದೆ ಕಣ್ಣೊರಸಿಕೊಳ್ಳುವ ಹೆಂಗಸರ ಸಾಲು ಕಂಡಿತು. "ಮ್ಯಾಡಮ್, ಘರಾತ್ ಕಾಯ್ ಝಾಲಂ?" ಎಂದು ಮನೆಯಲ್ಲಿ ಏನಾಯಿತೆಂದು ಕೇಳಿದರು. ಉತ್ತರದ ಗುಂಗಿನಲ್ಲಿದ್ದ ವೈನಿ ಆಗಷ್ಟೇ ತಿರುಗಿ ನೋಡಿದಳು.

"ಇಂಥ ಹೊತ್ತಿನಲ್ಲಿ ತೊಂದರೆ ಕೊಡುವುದಿಲ್ಲ," ಎಂದರು ಸರ್ ಮರಾಠಿಯಲ್ಲಿ. "ಪರೀಕ್ಷೆ ಬೇಡ ಎಂದು ಬರೆದುಕೊಳ್ಳಲೇ?" ವೈನಿ ಕಲ್ಲಿನಂತೆ ಕುಳಿತಿದ್ದಳು. "ಸುಮ್ಮನಿದ್ದೀರಿ. ಸರಿ, ಬೇಡ ಎಂದೇ ಬರೆಯುತ್ತೇನೆ."

"ನಾಹೀ ಸರ್!" ವೈನಿ ಎದ್ದೇ ನಿಂತಳು. "ಸುಮ್ಮನಿದ್ರ ಒಪ್ಪಿಗಿ ಅಲ್ರಿ ಸರ್!" ಗಾಬರಿಯಲ್ಲಿ ಕನ್ನಡವೇ ಬಂತು. ಆಮೇಲೆ ಮಗ್ಗ, ಗಲ್ಲಿ, ಜೀವಂತ ಮಾವ, ಎಲ್ಲವನ್ನೂ ಮರಾಠಿಯಲ್ಲಿ ಒಂದೇ ಉಸಿರಿನಲ್ಲಿ ಹೇಳಿದಳು.

ಸರ್ ಚಷ್ಮಾ ತೆಗೆದು ಕಣ್ಣೊರಸಿಕೊಂಡರು, ನಗುವಿಗೆ. "ಮೌನ ಒಪ್ಪಿಗೆಯೇ ಎಂಬುದೇ ನನ್ನ ಕೊನೆಯ ಪ್ರಶ್ನೆಯಾಗಿತ್ತು. ಉದಾಹರಣೆಗೆ ಇಡೀ ಗಲ್ಲಿಯನ್ನು ಕರೆತಂದಿದ್ದೀರಿ. ಪಾಸು."

ಆದರೆ ಸುಶೀಲಾಬಾಯಿ ಪಾಸು ಮಾಡಲಿಲ್ಲ. "ಸತ್ತ ಮನ್ಯಾಗ ಒಲಿ ಹೊತ್ತಸಬಾರ್ದಂತ ನನ್ನ ಸೊಸಿಗಿ ರೊಟ್ಟಿ-ಝುಣಕಾ ಮಾಡಾಕ ಹಚ್ಚಿ ಬಂದೇನಿ. ಈಗ ಯಾರ ತಿನ್ನಬೇಕು?"

"ತಗೊಂಡ ಬಾ," ಎಂದ ಅಪ್ಪ. "ಸತ್ತಾಂವನ ತಿಂತಾನ."

ಊಟಕ್ಕೆ ಕುಳಿತಾಗ ಅವ್ವ ವೈನಿಯ ತಾಟಿಗೆ ನಾಲ್ಕನೆಯ ರೊಟ್ಟಿ ಹಾಕಿದಳು. ಸದ್ದಿಲ್ಲ.

"ಯಾಕವಾ ವಕೀಲಬಾಯಿ, ಸುಮ್ಮ ಕುಂತಿ?"

ವೈನಿ ತಲೆ ಎತ್ತಲಿಲ್ಲ. "ಇದು ಒಪ್ಪಿಗೀನ ಐತ್ರಿ ಅತ್ತಿ."

ಬರುವ ಸೋಮವಾರ ನಾನು ವೈನಿಯ ಜೊತೆ ಹೋಗಿ, ಹೊರಗಿನಿಂದ ಹತ್ತನೇ ಪರೀಕ್ಷೆಗೆ ಕೂರುವವರ ಹದಿನೇಳು ನಂಬರಿನ ಫಾರ್ಮ್ ತುಂಬುತ್ತೇನೆ. ಓದುವುದು ಮಗ್ಗ ನಡೆಯುತ್ತಿರುವಾಗಲೇ.