ಖರೆ ಹೇಳುವವಳು ನಮ್ಮ ಮನೆಗೆ ಬಂದಳು

ಬೈಲಹೊಂಗಲದಲ್ಲಿ ನಮ್ಮ ಮನೆತನ ಯಾರಿಗೂ ಹೊಸದಲ್ಲ. ಈ ಊರಲ್ಲಿ ಮೊದಲು ಜ್ಞಾನಸ್ನಾನ ಪಡೆದವರು ನನ್ನ ಅಜ್ಜ. ಚರ್ಚಿಗೆ ಗಂಟೆ ಮಾಡಿಸಿಕೊಟ್ಟವರು ನನ್ನ ತಂದೆ. ಈಸ್ಟರ್ ಹಬ್ಬದ ಮೊದಲ ಹಾಡು ಎತ್ತುವ ಹಕ್ಕು ಮೂರು ತಲೆಮಾರಿನಿಂದ ನಮ್ಮದು. ಕಾನ್ವೆಂಟಿನಲ್ಲಿ ಕಲಿತು ಬಂದ ಮೇಲೆ ಅದು ನನ್ನದು. ಆ ಹಕ್ಕಿಗೆ ಕುಂದು ಬರಬಾರದೆಂಬುದೇ ನನ್ನ ಚಿಂತೆ. ಇಂಥ ಮನೆಯಲ್ಲಿ ನಗೆಗೀಡಾಗುವ ಪ್ರಸಂಗಗಳು ಮೇಲಿಂದ ಮೇಲೆ ನಡೆಯತೊಡಗಿದ್ದು, ನಾನೇ ಒಂದು ಆತ್ಮವನ್ನು ದಾರಿಗೆ ತಂದ ಮೇಲೆ.

ಆಕೆ ದೊಡವಾಡದ ವಿಧವೆ, ನಮ್ಮ ಅಡುಗೆಮನೆಯ ಕೆಲಸದವಳು. ಹೊಲದ ಅಟ್ಟದ ಮೇಲೆ ನಿಂತು, ಕೂಗಿ ಕೂಗಿ ಜೋಳದ ಹಕ್ಕಿ ಓಡಿಸಿ ಬೆಳೆದವಳು. ಆದರೂ ನಮ್ಮಲ್ಲಿಗೆ ಬಂದಾಗ ನೆಲ ನೋಡಿ ಪಿಸುಗುಟ್ಟುತ್ತಿದ್ದಳು. ಜ್ಞಾನಸ್ನಾನಕ್ಕೆ ಮೊದಲು ನಾನೇ ಪಾಠ ಹೇಳಿದೆ: "ಹೊಸ ಮನುಷ್ಯಳಾಗೂದು ಅಂದ್ರ ದೇವರು ಮಾಡಿದಂಗ ಇರೂದು. ಒಳಗೊಂದು ಹೊರಗೊಂದು ಇರಬಾರದು."

"ಹೂನ್ರಿ ಅಕ್ಕಾರ," ಎಂದಳು.

ನೆತ್ತಿಯ ಮೇಲೆ ನೀರು ಬಿದ್ದ ದಿನದಿಂದ ಅವಳಿಗೆ ಸತ್ಯವೂ ಬಂತು, ಗಂಟಲೂ ಬಂತು.

ಕಿತ್ತೂರಿನ ಸೀರೆ

ಕಿತ್ತೂರಿನ ಸೀರೆ ಅಂಗಡಿಗೆ ಅವಳನ್ನೂ ಕರೆದುಕೊಂಡು ಹೋಗಿದ್ದೆ. ಚೌಕಾಸಿಗೆ ಒಂದು ರೀತಿಯಿದೆ. ಹಿಡಿಸಿದ ಸೀರೆಯನ್ನು ಹಿಡಿಸಲಿಲ್ಲ ಎನ್ನಬೇಕು. "ಬಣ್ಣ ಮಾಸಲು. ಬ್ಯಾಡ," ಎಂದು ಎದ್ದೆ.

ಹಿಂದಿನಿಂದ ಅವಳು, "ಅಕ್ಕಾರ, ಹ್ವಾದ ವಾರದಿಂದ ಇದ ಸೀರಿ ಕನಸಿನ್ಯಾಗ ಬರತೈತಿ ಅಂತಿದ್ರೆಲ್ರಿ!"

ಅಂಗಡಿಯವರು ಬೆಲೆ ಇಳಿಸಲಿಲ್ಲ. ನನ್ನನ್ನು ಮತ್ತೆ ಕೂಡಿಸಿ, ಒರಗಲು ಲೋಡು ಕೊಟ್ಟರು.

ಒದೆಯುವ ಎಮ್ಮೆ

ತನ್ನ ಎಮ್ಮೆ ಮಾರಲು ಸವದತ್ತಿ ಸಂತೆಗೆ ಹೋದಳು. ನಾನೂ ಗಾಡಿಯಲ್ಲಿದ್ದೆ. ರಾಮದುರ್ಗದ ಗೌಡರೊಬ್ಬರು ಕೇಳಿದರು: "ಒದಿತೈತೇನಬೇ?"

"ಒದಿತೈತ್ರಿ. ಮುಂಜಾನೆ ಒದಿತೈತಿ. ಸಂಜಿಕ ಭಾಳ ಒದಿತೈತಿ."

ಸಂತೆಯಲ್ಲಿ ಇಂಥ ಮಾತನ್ನು ಯಾರೂ ಕೇಳಿರಲಿಲ್ಲ. ಮಾರಲು ಮನಸ್ಸಿಲ್ಲದೆ ಹೀಗೆನ್ನುತ್ತಾಳೆ, ಎಮ್ಮೆ ಬಂಗಾರದಂಥದೇ ಇರಬೇಕು ಎಂದುಕೊಂಡ ಗೌಡರು ಪಟ್ಟು ಹಿಡಿದು, ರೊಕ್ಕ ಕೊಟ್ಟು, ಎಮ್ಮೆ ಹೊಡೆದುಕೊಂಡು ಹೋದರು. ಎಂಟು ದಿನಕ್ಕೆ ಕುಂಟುತ್ತ ನಮ್ಮ ಬಾಗಿಲಿಗೆ ಬಂದರು.

"ಬಾಯಾರ, ನಿಮ್ಮ ಈ ಹೆಣ್ಮಗಳು ಖರೆ ಹೇಳಿ ಮೋಸ ಮಾಡ್ಯಾಳ್ರಿ!"

ಪಾಪನಿವೇದನೆ

ಈಸ್ಟರಿನ ಹಿಂದಿನ ದಿನ. ಚರ್ಚು ತುಂಬಿತ್ತು, ನಾನು ಎಂದಿನಂತೆ ಮುಂದಿನ ಸಾಲಿನಲ್ಲಿದ್ದೆ. ಒಬ್ಬೊಬ್ಬರಾಗಿ ಹೋಗಿ, ಜಾಲರಿಯ ಆಚೆ ಕುಳಿತ ಪಾದ್ರಿಗಳಿಗೆ ತಮ್ಮ ಪಾಪವನ್ನು ಪಿಸುಗುಟ್ಟಿ ಬರುತ್ತಿದ್ದರು. ಇವಳು ದೇವರು ಕೊಟ್ಟ ದನಿಯಲ್ಲೇ ಹೇಳಿದಳು:

"ಸ್ವಾಮಿ, ಅಕ್ಕಾರು ಹಾಡುವಾಗ ನಾ ಕಿವ್ಯಾಗ ಹತ್ತಿ ಇಟ್ಕೊಂತೇನ್ರಿ!"

ಪಾದ್ರಿಗಳು ಏನೋ ಪಿಸುಗುಟ್ಟಿದರು.

"ಹಾಡಿದಷ್ಟೂ ಸಲರಿ!"

ಮತ್ತೆ ಪಿಸುಮಾತು. ಈ ಸಲ ತುಸು ಹೆಚ್ಚು ಹೊತ್ತು.

"ಐತ್ರಿ ಸ್ವಾಮಿ, ಮನಿಯಾಗ ಭಾಳ ಐತಿ. ನಿಮಗ ಎಷ್ಟು ಬೇಕ್ರಿ?"

ಹೊರಬಂದವಳೇ ನನ್ನ ಕಾಲಿಗೆ ಬಿದ್ದಳು. ಕ್ಷಮಿಸಿದೆ. ಒಳಗಿದ್ದದ್ದನ್ನೇ ಹೊರಗೆ ಹೇಳಿದಳು. ನಾನು ಕಲಿಸಿದ್ದೂ ಅದೇ. ಆದರೆ ಹಕ್ಕು ಬಿಡಲಿಲ್ಲ. ಮರುದಿನ ಬೆಳಗ್ಗೆ ಮೊದಲ ಹಾಡನ್ನು ಎಂದಿಗಿಂತ ಎತ್ತರದ ದನಿಯಲ್ಲಿ ಎತ್ತಿದೆ. ಪೀಠದ ಮುಂದೆ ನಿಂತ ಪಾದ್ರಿಗಳ ಎರಡೂ ಕಿವಿಗಳಲ್ಲಿ ಬೆಳ್ಳಗೆ ಏನೋ ಕಾಣುತ್ತಿತ್ತು.

ಅವರು ಇನ್ನೂ ನನ್ನ ಕ್ಷಮೆ ಕೇಳಿಲ್ಲ.