ಕುಪ್ಪ ಬಿನ್ ಮಾದ, ಹಾಲಿ ಹಯಾತ್

೨೦೦೪ರ ಜೂನ್ ತಿಂಗಳ ಒಂದು ಸೋಮವಾರ, ಮಂಜಗುಣಿಯ ಹಿನ್ನೀರಿನಂಚಿನ ಗಜನಿ ಗದ್ದೆಗೆ ಉಪ್ಪುನೀರು ತಾಳುವ ಕಗ್ಗ ಭತ್ತ ಬಿತ್ತಿ ಬಂದ ನನ್ನ ತಂದೆ ಕುಪ್ಪ, ಕಾಲು ತೊಳೆದು ಜಗಲಿಯ ಮೇಲೆ ಕುಳಿತಲ್ಲೇ ತೀರಿಕೊಂಡರು. ಇದು ನಮ್ಮ ಮನೆಯವರ ಅಭಿಪ್ರಾಯ. ಸರಕಾರದ ಅಭಿಪ್ರಾಯ ಬೇರೆ.

ಗದ್ದೆಯನ್ನು ಅವ್ವನ ಹೆಸರಿಗೆ ಮಾಡಿಸಲು ಅಂಕೋಲೆಯ ಕಚೇರಿಗೆ ಹೋದೆವು. ಗುಮಾಸ್ತ ಬಾಬು ಬ್ರಿಟಿಷರ ಕಾಲದ ದಫ್ತರ ಬಿಚ್ಚಿದ. ೧೮೮೯ರಲ್ಲಿ ಉಪ್ಪುನೀರಿಗೆ ಒಡ್ಡು ಕಟ್ಟಿ ಆ ಗದ್ದೆ ಮಾಡಿದವನು ನನ್ನ ಮುತ್ತಜ್ಜ, ಕುಪ್ಪ ಬಿನ್ ಮಾದ. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ಪದ್ಧತಿ. ಹೀಗಾಗಿ ಅವನ ಮಗ ಮಾದ, ಮೊಮ್ಮಗ ಕುಪ್ಪ, ಆಮೇಲೆ ನಾನು, ಶಾಲೆ ಮಾಸ್ತರ ಮಾದ. ನಡುವೆ ಖಾತೆ ಬದಲಿಸಲು ಯಾರೂ ಹೋಗಿರಲಿಲ್ಲ.

“ಆಗಲೂ ಕುಪ್ಪ ಬಿನ್ ಮಾದ, ಈಗಲೂ ಕುಪ್ಪ ಬಿನ್ ಮಾದ. ಒಬ್ಬನೇ ಮನುಷ್ಯ, ಮಾಸ್ತರ್ರೆ. ಹಾಲಿ ಹಯಾತ್, ಅಂದ್ರೆ ಬದುಕೇ ಇದ್ದಾರೆ,” ಎಂದ ಬಾಬು. “ನೂರು ವರ್ಷ ದಾಟಿದ್ರೂ ಸಾಯದೇ ಇದ್ದವ್ರು ಈ ಜೂನಿನಲ್ಲಿ ಎಂತಕ್ಕೆ ಸಾಯ್ತಾರೆ?”

“ನಾನೇ ಸುಟ್ಟು ಬಂದಿದ್ದೇನಲ್ಲ!”

“ಯಾರನ್ನು ಸುಟ್ಟಿರಿ ಅಂತ ನಾವು ಕೇಳೂದಿಲ್ಲ. ಅದು ಪೊಲೀಸ್ ಇಲಾಖೆ.”

ನಂತರ ಅವ್ವನ ಸಾಕ್ಷ್ಯವಾಯಿತು.

“ಸತ್ತವರ ಹೆಸರು ಹೇಳಿ, ಅಮ್ಮ.”

ಗಂಡನ ಹೆಸರನ್ನು ಅವ್ವ ಎಂದೂ ಬಾಯಲ್ಲಿ ಆಡಿದವಳಲ್ಲ. “ನಮ್ಮನೆಯವ್ರು,” ಎಂದಳು.

“ಹೆಸರು?”

“ಇವನ ಅಪ್ಪ.”

‘ಮೃತರು ಯಾರೆಂಬುದು ಪತ್ನಿಗೂ ತಿಳಿದಿರುವುದಿಲ್ಲ’ ಎಂದು ಷರಾ ಬರೆಯಲಾಯಿತು.

ಮಳೆಗಾಲ ಮುಗಿಯುತ್ತಲೇ ಪ್ರಕಟಣೆ ಬಂತು: ‘ಜಿಲ್ಲೆಯ ಅತಿ ಹಿರಿಯ ರೈತ ಶ್ರೀ ಕುಪ್ಪ ಬಿನ್ ಮಾದ ಇವರನ್ನು ಕಾರವಾರದಲ್ಲಿ ಸನ್ಮಾನಿಸಲಾಗುವುದು. ಸದರಿಯವರು ಖುದ್ದು ಹಾಜರಾಗತಕ್ಕದ್ದು. ತಪ್ಪಿದಲ್ಲಿ ಜಮೀನನ್ನು ಸರಕಾರದ ವಶಕ್ಕೆ ಪಡೆಯಲಾಗುವುದು.’

ಅಷ್ಟರಲ್ಲಿ ನನಗೆ ಮಗ ಹುಟ್ಟಿದ್ದ. ಪದ್ಧತಿಯಂತೆ ಹೆಸರಿಟ್ಟಿದ್ದೆವು. ಬೇರೆ ದಾರಿ ಕಾಣದೆ ಅವನನ್ನೇ ಎತ್ತಿಕೊಂಡು ವೇದಿಕೆ ಹತ್ತಿದೆ.

“ಹೆಸರು?” ಬಾಬು ಕೇಳಿದ.

“ಕುಪ್ಪ.”

“ತಂದೆ?”

“ಮಾದ.”

“ತಾಳೆಯಾಗ್ತದೆ,” ಎಂದು ಗುರುತು ಹಾಕಿಕೊಂಡ.

ಮುಖ್ಯ ಅತಿಥಿಗಳು ಶಾಲು ಹೊದಿಸಿ, ಬಗ್ಗಿ ನೋಡಿದರು. “ಪಾಪ, ಒಂದು ಹಲ್ಲೂ ಉಳಿದಿಲ್ಲ,” ಎಂದರು. ಸಾವಯವ ಕೃಷಿಯ ಬಗ್ಗೆ ಎರಡು ಮಾತಾಡುವಂತೆ ಹಿರಿಯರನ್ನು ಕೋರಲಾಯಿತು. ಹಿರಿಯರು ಅತ್ತರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಗದ್ದೆ ಉಳಿಯಿತು. ಖಾತೆ ಈಗಲೂ ಕುಪ್ಪನ ಹೆಸರಿನಲ್ಲೇ ಇದೆ. ತಿದ್ದುಪಡಿಯ ಅಗತ್ಯವಿಲ್ಲವೆಂದು ಕಚೇರಿ ಬರೆದು ತಿಳಿಸಿದೆ, ನಾವೂ ಒಪ್ಪಿದ್ದೇವೆ. ಮಗುವನ್ನು ಸಂಜೆ ಜಗಲಿಯಲ್ಲಿ ಆಡಿಸುವವಳು ಅವ್ವ.

ಅವಳು ಅವನನ್ನು ಹೆಸರು ಹಿಡಿದು ಕರೆಯುವುದಿಲ್ಲ.